ಕರ್ಪೂರವಿಲ್ಲದ ಕಪಾಟು

ಮಗಳು ಶಾಲನ್ನು ಕೊಡವಿ ಕಿಟಕಿಯ ಬೆಳಕಿಗೆ ಹಿಡಿದಳು. ಆಚೆಯ ಬೀದಿ ಕಾಣಿಸುವಷ್ಟು ತೂತುಗಳು. ಇದು ಮೂರನೆಯದು. ಅಮ್ಮನ ಕಪಾಟಿನಲ್ಲಿ ನುಸಿ ಬಾಯಿ ಹಾಕದ ಉಣ್ಣೆಬಟ್ಟೆ ಒಂದೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ, ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ, ಅಮ್ಮನನ್ನು ಮಲಗಿಸಿದ್ದರು. ಮೂರು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು.

"ಊರಿಗೆಲ್ಲ ಬಟ್ಟೆ ಹೊಲಿದವಳಿಗೆ ಹೊದಿಸೋಕೆ ಒಂದು ನೆಟ್ಟಗಿನ ಶಾಲಿಲ್ಲ ನೋಡು," ಎಂದರು ಅಪ್ಪನ ಅಕ್ಕ. ಎಂಬತ್ತು ದಾಟಿದ್ದರೂ ಅತ್ತೆಯ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. "ಎರಡು ಬಿಲ್ಲೆ ಕರ್ಪೂರ ಇಟ್ಟಿದ್ರೆ ನುಸಿ ಹತ್ತಿರ ಸುಳೀತಿತ್ತಾ? ಇಡಬೇಕಾದ ಕಡೆ ಇಡಲಿಲ್ಲ. ಇಡಬಾರದ ಕಡೆ ಇಟ್ಟು ಮಗೂನ ಬಾಯಿಗೆ ಹಾಕಿದ್ಳು."

"ಸಾಕು ಬಿಡಿ ಅತ್ತೆ," ಎಂದ ಮಗಳ ತಮ್ಮ, ತನ್ನ ತಲೆ ಸವರಿಕೊಳ್ಳುತ್ತ. "ಆ ಮಗೂನ ತಲೆ ಬೋಳಾಗ್ತಾ ಬಂತು. ನಿಮ್ಮದಿನ್ನೂ ಅದೇ ರಾಗ."

ಯಾರೋ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು. ಮಗಳು ನಗಲಿಲ್ಲ. ಅತ್ತೆಯ ಮಾತು ಒರಟಾದರೂ ಸುಳ್ಳಲ್ಲ ಎಂದೇ ಅವಳೂ ನಂಬಿದ್ದಳು. ನಂಬಿದ್ದಷ್ಟೇ ಅಲ್ಲ, ಒಮ್ಮೆ ಅಮ್ಮನ ಮುಖಕ್ಕೇ ಆಡಿದ್ದಳು. ಬೆಳಗಿನಿಂದ ಅವಳನ್ನು ಕಾಡುತ್ತಿದ್ದುದು ಆ ಮಾತೇ.

*

ಆಗ ಅವಳಿಗೆ ಐದು ವರ್ಷ, ತಮ್ಮನಿಗೆ ಒಂದೂವರೆ. ನೆನಪಿರುವುದು ಚೂರುಪಾರು. ಯಂತ್ರದ ಸದ್ದು ತಟಕ್ಕನೆ ನಿಂತದ್ದು. ತಮ್ಮ ನೆಲದ ಮೇಲೆ ಸೆಟೆದುಕೊಂಡು, ಕಣ್ಣು ಮೇಲೆ ಮಾಡಿ, ಕೈಕಾಲು ಅದುರಿಸುತ್ತಿದ್ದದ್ದು. ಅಮ್ಮ ಅವನನ್ನು ಎದೆಗವಚಿಕೊಂಡು, ಇವಳನ್ನೂ ದರದರ ಎಳೆದುಕೊಂಡು, ಬರಿಗಾಲಲ್ಲಿ ಬೀದಿಯ ಕೊನೆಯ ಮಕ್ಕಳ ದವಾಖಾನೆಗೆ ಓಡಿದ್ದು. ಡಾಕ್ಟರ ಒಂದರ ಹಿಂದೊಂದು ಪ್ರಶ್ನೆ: ಜ್ವರ ಇತ್ತಾ? ಬಿದ್ದು ತಲೆಗೆ ಪೆಟ್ಟಾಯಿತಾ? ವಾಂತಿ, ಭೇದಿ? ಮನೆಯಲ್ಲಿ ಇನ್ಯಾರಿಗಾದರೂ ಫಿಟ್ಸ್ ಬರುತ್ತಾ? ಏನಾದರೂ ನುಂಗಿದನಾ?

ಆಮೇಲಿನದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ತಮ್ಮನಿಗೆ ಸೂಜಿ ಚುಚ್ಚುತ್ತಿದ್ದಾಗ ಅಮ್ಮ ಹೊರಗಿನ ನಲ್ಲಿಯಲ್ಲಿ ಇವಳ ಕೈ ತೊಳೆಯುತ್ತಿದ್ದಳು. ಸೋಪು ಹಚ್ಚಿ, ಬೆರಳ ಸಂದಿಯನ್ನೆಲ್ಲ ಉಜ್ಜಿ, ಮೂಸಿ ನೋಡಿ, ಮತ್ತೆ ಸೋಪು ಹಚ್ಚಿ. ಕೈ ಕೆಂಪಾಗಿ ಇವಳು ಅತ್ತರೂ ಬಿಡಲಿಲ್ಲ. ದೊಡ್ಡವಳಾದ ಮೇಲೆ ಇದನ್ನು ಎಷ್ಟೋ ಜನರೆದುರು ಹೇಳಿ ನಗಿಸಿದ್ದಳು: "ಒಳಗೆ ಮಗೂಗೆ ಫಿಟ್ಸು, ಹೊರಗೆ ನಮ್ಮಮ್ಮಂಗೆ ಚೊಕ್ಕಟದ ಹುಚ್ಚು!"

ಅವಳಿಗೇ ಮಗುವಾದಾಗ, ಕೆಲಸಕ್ಕೆ ಮರಳುವ ಮೊದಲು, ಅಮ್ಮ ತಾನಾಗಿ ಕೇಳಿದ್ದಳು. "ಕೂಸನ್ನ ನನ್ನ ಹತ್ತಿರ ಬಿಟ್ಟು ಹೋಗೇ."

"ನಿನ್ನ ಹತ್ತಿರ ಬಿಡೋಕೆ ನಂಗೆ ಧೈರ್ಯ ಇಲ್ಲಮ್ಮ. ತಮ್ಮಂಗೆ ಏನಾಯ್ತು ಅಂತ ಗೊತ್ತಲ್ಲ."

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಅದೂ ಸರಿಯೇ," ಎಂದಳು. ಕಣ್ಣು ಮುಚ್ಚಿಕೊಂಡು ದಾರ ಹಾಕಬಲ್ಲ ಹೆಂಗಸು. ಆವತ್ತು ಮೂರು ಸಲ ತಪ್ಪಿದಳು.

*

ಎರಡು ಗಂಟೆಗೆ ದವಾಖಾನೆಯ ಹಳೆಯ ಕಾಂಪೌಂಡರ್ ಕೋಲೂರಿಕೊಂಡು ಬಂದರು. ಅಮ್ಮನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮಗಳೂ ತಮ್ಮನೂ ನಿಂತಿದ್ದ ಹಿಂಬಾಗಿಲಿಗೆ ಬಂದರು.

"ಈ ಅಂಗಿ ಅವರೇ ಹೊಲಿದಿದ್ದು. ಕಾಲರ್ ಎರಡು ಸಲ ತಿರುಗಿಸಿ ಕೊಟ್ಟಿದ್ರು," ಎಂದು ಕುತ್ತಿಗೆ ಮುಟ್ಟಿಕೊಂಡರು. ತಮ್ಮನ ಭುಜ ತಟ್ಟಿದರು. "ಇವನೇನಾ ನಮ್ಮ ಕರ್ಪೂರದ ಪೇಷಂಟು? ನಮ್ಮಲ್ಲಿಗೆ ಫಿಟ್ಸ್ ಅಂತ ಬರೋ ಮಕ್ಕಳಿಗೆ ಬಹುಪಾಲು ಜ್ವರವೇ ಕಾರಣ. ನಿನ್ನ ಮೈ ತಣ್ಣಗಿತ್ತು. ಡಾಕ್ಟರೂ ತಬ್ಬಿಬ್ಬಾದ್ರು. ನಿಮ್ಮಮ್ಮ, 'ಇವನ ಬಾಯಿ ಮೂಸಿ ನೋಡಿ, ಕರ್ಪೂರ' ಅಂದ್ರು. ತಡ ಮಾಡದೆ ಹೇಳಿದ್ದಕ್ಕೆ ಚಿಕಿತ್ಸೆ ಸುಲಭ ಆಯ್ತು." ಮಗಳತ್ತ ತಿರುಗಿ ನಕ್ಕರು. "ನೀನೇನು ಕಮ್ಮಿನಾ ಆವತ್ತು? ನಿನ್ನ ಮುಷ್ಟಿ ಬಿಡಿಸೋಕೆ ನಾನೂ ನಿಮ್ಮಮ್ಮನೂ ಸೇರಬೇಕಾಯ್ತು."

"ಯಾವ ಮುಷ್ಟಿ?"

"ಉಳಿದ ಚೂರೆಲ್ಲ ನಿನ್ನ ಕೈಲಿತ್ತಲ್ಲ. 'ತಮ್ಮಂಗೆ ಕಲ್ಲುಸಕ್ಕರೆ, ತಮ್ಮಂಗೆ ಕಲ್ಲುಸಕ್ಕರೆ' ಅಂತ ಒಂದೇ ಹಟ. ಎಲ್ಲಿ ನೀನೂ ಬಾಯಿಗೆ ಹಾಕ್ಕೋತೀಯೋ ಅಂತ ಅವರ ಜೀವ ಹೋಗ್ತಿತ್ತು. ಡಾಕ್ಟರಿಗೆ ಮಾತ್ರ, 'ಬಟ್ಟೆ ಮಧ್ಯೆ ಇಡೋದನ್ನ ನಾನೇ ಕೆಳಗೆ ಬಿಟ್ಟಿದ್ದೆ' ಅಂದ್ರು. ಆಮೇಲೆ ನನ್ನ ಕೈ ಹಿಡ್ಕೊಂಡು, 'ಅಣ್ಣಾ, ಇದು ನಮ್ಮ ಮನೆಯವರಿಗೆ ಗೊತ್ತಾಗೋದು ಬೇಡ. ನನ್ನ ಮಗಳನ್ನ ಸಾಯೋತನಕ ಆಡ್ಕೋತಾರೆ' ಅಂತ..."

ಅವಳ ಮುಖ ನೋಡಿ ಅವರು ಮಾತು ನಿಲ್ಲಿಸಿದರು.

"ಹೇಳಿರ್ತಾರೆ ಅಂದ್ಕೊಂಡೆ ಮಗಳೇ. ಇಷ್ಟು ವರ್ಷ ಆಯ್ತಲ್ಲ."

ತಮ್ಮ ಅಕ್ಕನನ್ನೇ ನೋಡುತ್ತ ನಿಂತ. ಅಮ್ಮನನ್ನು ಆಡಿಕೊಂಡಿದ್ದು ಬೇರೆಯವರಷ್ಟೇ ಅಲ್ಲ, ತಾನೂ ಎಂದು ಮಗಳಿಗೆ ಹೊಳೆಯಿತು. ಅಮ್ಮ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಬೆಚ್ಚಗಿನ ಬಟ್ಟೆಗಳನ್ನೆಲ್ಲ ನುಸಿಗೆ ಬಿಟ್ಟುಕೊಟ್ಟು, ಮನೆಯೊಳಗೆ ಮತ್ತೆಂದೂ ಕರ್ಪೂರ ತರಲಿಲ್ಲ. ಆ ವಾಸನೆಗೆ ಮಗಳಿಗೆ ಏನಾದರೂ ನೆನಪಾದೀತೆಂಬ ಹೆದರಿಕೆಯಿಂದಲೋ ಏನೋ. ಮಗಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

*

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಅತ್ತೆ ಅಂಗಡಿಯಿಂದ ತರಿಸಿದ ಹೊಸ ಶಾಲಿನ ಕಾಗದ ಬಿಚ್ಚುತ್ತಿದ್ದರು. ಮಗಳು ತೂತುಬಿದ್ದ ಶಾಲನ್ನೇ ತಂದು ಅಮ್ಮನಿಗೆ ಹೊದಿಸಿದಳು. ಒಳಗೆ ಹೋಗಿ ಬೋಗುಣಿ, ಒಂದು ಚೊಂಬು ನೀರು, ಸೋಪು ತಂದು ಪಕ್ಕದಲ್ಲಿ ಕುಳಿತಳು.

"ಏನೇ ಇದು? ಬೆಳಿಗ್ಗೆನೇ ಎಲ್ಲ ತೊಳೆದಾಗಿದೆ. ಜನ ಕಾಯ್ತಿದ್ದಾರೆ."

"ಅವತ್ತು ಕರ್ಪೂರ ತಿನ್ನಿಸಿದ್ದು ನಾನು, ಅತ್ತೆ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಬಿಚ್ಚಿದ ಕಾಗದವನ್ನು ಮಡಿಸತೊಡಗಿದರು.

ಮಗಳು ಅಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೋಪು ಹಚ್ಚಿದಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳ ತುದಿಗಳನ್ನು, ಕತ್ತರಿ ಹಿಡಿದು ದಡ್ಡುಗಟ್ಟಿದ ಹೆಬ್ಬೆರಳನ್ನು, ಒಂದೊಂದು ಸಂದಿಯನ್ನೂ ಉಜ್ಜಿದಳು. ತಮ್ಮ ಬಂದು ಎದುರಿಗೆ ಮಂಡಿಯೂರಿ ಕುಳಿತ. ಚೊಂಬನ್ನು ಎತ್ತಿಕೊಂಡು ನಿಧಾನವಾಗಿ ನೀರು ಬಿಟ್ಟ.

ಹೊರಗೆ ಮತ್ತೊಮ್ಮೆ ಹಾರ್ನ್ ಕೇಳಿಸಿತು. ಅವಳು ಆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಮತ್ತೆ ಸೋಪು ಹಚ್ಚಿದಳು.