ಕಾರಿನ ಒಳಚಾವಣಿಯ ಮೇಲೆ ಹೆಜ್ಜೆ

"ಹಲ್ಲುಜ್ಜೋ ಬ್ರಷ್ ಎಲ್ಲಿ ಹೋಯ್ತು?" ಎಂದು ಬುರುಲ್ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. ಅಂಗಳದಲ್ಲಿ ಎಸೆನ್‌ಬೆಕ್ ತನ್ನ ಹಳೆಯ ಕಾರಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತಿದ್ದ. ಬ್ರಷ್ ಅವನ ಕೈಯಲ್ಲೇ ಇತ್ತು.

"ಹಳೇದು ಅಂದ್ಕೊಂಡೆ ಕಣೇ."

"ಮೊನ್ನೆ ತಂದಿದ್ದು ಅದು! ಮೊದಲು ನನ್ನ ಹಿಟ್ಟಿನ ಬ್ರಷ್ ಹೋಯ್ತು, ಆಮೇಲೆ ಮೆತ್ತನೆ ಟವೆಲ್ ಎಲ್ಲಾ ಹೋಯ್ತು. ನಿಮ್ಮ ಕಾರಿಗಿರೋ ಭಾಗ್ಯ ನನ್ನ ಹಲ್ಲಿಗಿಲ್ಲ ನೋಡಿ."

ಎಸೆನ್‌ಬೆಕ್ ನಗುತ್ತ ಕೆಲಸ ಮುಂದುವರಿಸಿದ. ನರಿನ್ ಕಡೆಯ ಘಟ್ಟದಲ್ಲಿ ಹದಿನಾರು ವರ್ಷ ಲಾರಿ ಓಡಿಸಿ ಅವನ ಬೆನ್ನು ಕೈಕೊಟ್ಟಿತ್ತು. ಮನೆಯಲ್ಲಿ ಸುಮ್ಮನೆ ಕೂತು ಕೂತು ಬೇಸರವಾದಾಗ ಫೋನಿನಲ್ಲಿ ಕಾರು ತೊಳೆದು ಹೊಸದರಂತೆ ಮಾಡುವವರ ವಿಡಿಯೋಗಳನ್ನು ನೋಡತೊಡಗಿದ. ಇದನ್ನು ಮನೆಯಲ್ಲೇ ಮಾಡಬಹುದಲ್ಲ ಅನ್ನಿಸಿತು. ಮೊದಲ ಪ್ರಯೋಗ ಸ್ವಂತ ಕಾರಿನ ಮೇಲೆ. ಉರಿಬಿಸಿಲಲ್ಲಿ ಪಾಲಿಶ್ ಯಂತ್ರ ತಿರುಗಿಸಿ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರು ಎಬ್ಬಿಸಿದ. ಆಮೇಲೆ ಒಂದೊಂದಾಗಿ ಕಲಿತ. ಕೆಲಸ ನೆರಳಲ್ಲಿ ಮಾಡಬೇಕು. ಬಕೆಟ್ ಎರಡಿರಬೇಕು, ಒಂದು ನೊರೆಗೆ, ಇನ್ನೊಂದು ಬಟ್ಟೆ ಜಾಲಾಡಿಸುವುದಕ್ಕೆ. ಇಲ್ಲದಿದ್ದರೆ ಬಟ್ಟೆಗಂಟಿದ ಮರಳೇ ಬಣ್ಣವನ್ನು ಗೀರುತ್ತದೆ. ಒರೆಸುವ ಮೊದಲು ನೋಡಬೇಕು. ಟಾರ್ಚ್ ಹಿಡಿದು, ಓರೆಯಾಗಿ, ಇಂಚಿಂಚಾಗಿ ನೋಡಬೇಕು. ಈ ಕೊನೆಯದನ್ನು ಅವನು ಎಲ್ಲರಿಗಿಂತ ಚೆನ್ನಾಗಿ ಕಲಿತ. ಕಾರಿನ ಕಲೆ ನೋಡಿಯೇ ಇದು ಚಹಾ, ಇದು ಮಗುವಿನ ವಾಂತಿ, ಇದು ಕುರಿಯ ಕೊಬ್ಬು ಎಂದು ಹೇಳಬಲ್ಲವನಾದ. ಜರ್ದಾಲು ಮರದ ಪಕ್ಕದಲ್ಲಿ ತಗಡಿನ ಮಾಡು ಹಾಕಿದ. ಒಂದು ತಿಂಗಳಲ್ಲಿ ಬೀದಿಯ ನಾಲ್ಕೈದು ಜನ ಕಾರು ತಂದು ಬಿಟ್ಟರು.

ಅಂದು ಬೆಳಿಗ್ಗೆ ಬಂದದ್ದು ಮೂರು ಬೀದಿ ಆಚೆಯ ತಿಲೆಕ್. ಸಂತೆಯಲ್ಲಿ ಮಾಂಸದ ಅಂಗಡಿ ಇಟ್ಟವನು, ಗಟ್ಟಿ ಆಳು, ಯಾವಾಗಲೂ ನಗುಮುಖ. ಅವನ ಬಿಳಿ ಕಾರು ಕಿಟಕಿಯವರೆಗೆ ಕೆಸರಾಗಿತ್ತು.

"ಅಣ್ಣಾ, ಇವತ್ತು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಇದು ಕನ್ನಡಿ ಥರ ಆಗ್ಬೇಕು. ನಮ್ಮ ತಮ್ಮ ಎರ್ಮೆಕ್‌ದು ಮದುವೆ! ನಾಳೆ ಇದರಲ್ಲೇ ಬೀಗರ ಮನೆಗೆ ಹೋಗೋದು."

"ಓಹೋ, ಒಳ್ಳೇದಾಗ್ಲಿ ತಮ್ಮಾ! ಒಂದು ಮಾತೂ ಹೇಳ್ಲಿಲ್ಲ?"

"ಎಲ್ಲಾ ಅವಸರದಲ್ಲಿ ಆಗೋಯ್ತು ಅಣ್ಣಾ. ಹಿಂದಿನ ಸೀಟು ಸ್ವಲ್ಪ ಗಲೀಜಾಗಿದೆ, ನೋಡಿ." ಕೀಲಿ ಕೈಗಿಟ್ಟು ಅವನು ಹೊರಟೇಹೋದ.

ಹೊರಮೈಯ ಕೆಸರು ತೆಗೆಯುವುದರಲ್ಲೇ ಒಂದು ಗಂಟೆ ಕಳೆಯಿತು. ನೊರೆ ಜಾರಿ ಬಿಳಿ ಬಣ್ಣ ಬಿಚ್ಚಿಕೊಂಡಾಗ ಎಸೆನ್‌ಬೆಕ್ ಖುಷಿಯಿಂದ ಸಿಳ್ಳೆ ಹಾಕಿದ. ಆಮೇಲೆ ಟಾರ್ಚ್ ಹಿಡಿದು ಹಿಂದಿನ ಬಾಗಿಲು ತೆರೆದ.

ಮೊದಲು ಕಂಡದ್ದು ಬಾಗಿಲಿನ ಒಳಮೈಯ ಗೀರುಗಳು. ನಾಲ್ಕು ಗೆರೆ, ಪಕ್ಕದಲ್ಲೇ ಮತ್ತೆ ನಾಲ್ಕು. ನಾಯಿಯೋ ಬೆಕ್ಕೋ ಅಂದುಕೊಂಡ. ಗೀರು ತುಂಬುವ ಮೇಣ ಯಾವುದು ಎಂದು ಲೆಕ್ಕ ಹಾಕುತ್ತಲೇ ಕಿಟಕಿಯ ರಬ್ಬರಿನ ಸಂದಿಗೆ ಬೆಳಕು ಬಿಟ್ಟ. ಅಲ್ಲಿ ಏನೋ ಗುಲಾಬಿ ಬಣ್ಣದ್ದು ಸಿಕ್ಕಿಕೊಂಡಿತ್ತು. ಚಿಮಟದಿಂದ ಎಳೆದ. ಬಣ್ಣ ಹಚ್ಚಿದ ಉಗುರು. ಬುಡದಲ್ಲಿ ಒಣಗಿದ ರಕ್ತವಿತ್ತು.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಅನಂತರ ಏಕೋ ತಲೆಯೆತ್ತಿದ. ಮೇಲೆ, ಬೂದುಬಣ್ಣದ ಮೆತ್ತನೆಯ ಒಳಚಾವಣಿಯ ಮೇಲೆ, ಬೂಟಿನ ಗುರುತುಗಳಿದ್ದವು. ಸಣ್ಣ ಪಾದ. ಹಿಮ್ಮಡಿಯ ಗುರುತು ಆಳವಾಗಿ ಊರಿತ್ತು. ಒಂದಲ್ಲ ಎರಡಲ್ಲ, ಹಿಂದಿನ ಗಾಜಿನಿಂದ ಮುಂದಿನ ಸೀಟಿನವರೆಗೆ ಹನ್ನೊಂದು. ಯಾರೋ ಚಾವಣಿಯ ಮೇಲೆ ತಲೆಕೆಳಗಾಗಿ ನಡೆದುಹೋದಂತೆ. ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಗುರುತಿನ ಚೀಟಿ ಸಿಕ್ಕಿತು. ದಾದಿಯರ ಕಾಲೇಜು, ಎರಡನೇ ವರ್ಷ. ಹೆಸರು ಚೋಲ್ಪೊನ್. ಫೋಟೋದಲ್ಲಿ ದುಂಡು ಮುಖದ ಹುಡುಗಿ ನಗು ತಡೆದುಕೊಂಡು ನಿಂತಿದ್ದಳು.

ಹುಡುಗಿಯನ್ನು ಮದುವೆಗೆಂದು ಬಲವಂತವಾಗಿ ಎತ್ತಿಕೊಂಡು ಬಂದಿದ್ದಾರೆ. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಅವನು ಆ ಕ್ಷಣಕ್ಕೆ ಮಾಡಿದ್ದೇನು ಎಂಬುದು ಮುಂದೆ ನೆನೆದಾಗಲೆಲ್ಲ ಅವನಿಗೇ ನಾಚಿಕೆ ತರುವಂಥದು. 'ಅದು ಅವರ ಮನೆ ವಿಷಯ' ಎಂದುಕೊಂಡು ಒಳಗೆ ಕೂಗಿ ಹೇಳಿದ: "ಬುರುಲ್, ಸ್ವಲ್ಪ ಬಿಸಿನೀರು, ವಿನೆಗರ್ ತಗೊಂಡು ಬಾ. ಚಾವಣಿ ಮೇಲೆ ಕಲೆ ಇದೆ."

ಬುರುಲ್ ಪಾತ್ರೆ ಹಿಡಿದು ಬಂದಳು. ಕಾರಿನೊಳಗೆ ಬಗ್ಗಿ ಮೇಲೆ ನೋಡಿದಳು. ಬಿಸಿನೀರು ಅವಳ ಕಾಲಮೇಲೇ ಚೆಲ್ಲಿತು. ಅವಳಿಗೆ ಅದು ತಿಳಿದಂತೆಯೇ ಕಾಣಲಿಲ್ಲ.

"ಅಯ್ಯೋ, ಸುಟ್ಟಿತೇನೇ?"

ಅವಳು ಬಾಗಿಲಿನ ಗೀರುಗಳ ಮೇಲೆ ತನ್ನ ಬೆರಳಿಟ್ಟಳು. ನಾಲ್ಕು ಗೆರೆಗೆ ನಾಲ್ಕು ಬೆರಳು ಸರಿಯಾಗಿ ಕೂತವು.

ಆ ಹೊತ್ತಿಗೇ ತಿಲೆಕ್ ಮತ್ತೆ ಬಂದ. ಕೈಯಲ್ಲಿ ಮದುವೆಮನೆಯ ಬಿಸಿ ಬೋರ್ಸೋಕ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳ ದೊಡ್ಡ ತಟ್ಟೆ. "ತಗೊಳ್ಳಿ ಅಕ್ಕಾ, ಬಾಯಿ ಸಿಹಿ ಮಾಡ್ಕೊಳ್ಳಿ!"

"ಹುಡುಗಿ ಎಲ್ಲಿದ್ದಾಳೆ?" ಎಂದಳು ಬುರುಲ್.

"ಇನ್ನೆಲ್ಲಿ, ನಮ್ಮನೇಲಿ ಮದುಮಗಳ ಪರದೆ ಹಿಂದೆ. ನಿನ್ನೆ ಸಂಜೆಯಿಂದ ಅಳ್ತಾನೇ ಇದ್ದಾಳೆ. ಅಜ್ಜಿ ಹೊಸ್ತಿಲ ಮೇಲೆ ಅಡ್ಡ ಮಲಗಿದ್ದಾಳೆ. ವಯಸ್ಸಾದವರನ್ನ ದಾಟಿ ಶಾಪ ತಗೊಳ್ಳೋ ಧೈರ್ಯ ಯಾರಿಗಿದೆ ಹೇಳಿ? ಇನ್ನೇನು, ತಲೆಗೆ ಬಿಳಿ ವಸ್ತ್ರ ಕಟ್ಟಿಸ್ಕೊಂಡು ಮದುವೆಗೆ ಒಪ್ಕೊಳ್ತಾಳೆ."

"ಎರ್ಮೆಕ್ ಅವಳಿಗೆ ಗೊತ್ತಾ?" ಎಂದು ಎಸೆನ್‌ಬೆಕ್ ಕೇಳಿದ.

"ಬಸ್ಸಲ್ಲಿ ಎರಡು ಸಲ ನೋಡಿದ್ದಾನಂತೆ."

"ನಾನು ಕೇಳಿದ್ದು ಅವಳಿಗೆ ಅವನು ಗೊತ್ತಾ ಅಂತ."

ತಿಲೆಕ್‌ನ ನಗು ಸ್ವಲ್ಪ ಇಳಿಯಿತು. "ಅಣ್ಣಾ, ನೀವೂ ಹೀಗೆ ಕೇಳಿದ್ರೆ ಹೇಗೆ? ಅವನಿಗೆ ಮೂವತ್ತೊಂದು. ಎಲ್ಲಿ ಹೋಗಿ ಕೇಳಿದ್ರೂ ಆಗಲ್ಲ ಅಂದ್ರು. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಸೊಸೆ ಕೈಯ ಚಹಾ ಕುಡಿದು ಸಾಯ್ತೀನಿ ಅಂತಾಳೆ. ನನ್ನ ತಮ್ಮ ಕುಡುಕನಲ್ಲ, ಹೊಡೆಯೋನಲ್ಲ. ಒಳ್ಳೇ ಮನೆ, ಹೊಟ್ಟೆ ತುಂಬ ಊಟ. ಇನ್ನೇನು ಬೇಕು ಅವಳಿಗೆ?"

"ಕಾನೂನಿದೆ ತಮ್ಮಾ, ಜೈಲಾಗತ್ತೆ."

"ಯಾರಿಗಾಯ್ತು ಜೈಲು? ನಿಮಗಾಯ್ತಾ?" ತಿಲೆಕ್ ಬುರುಲ್ ಕಡೆ ತಿರುಗಿ ಸ್ವರ ಮೆತ್ತಗೆ ಮಾಡಿದ. "ಅಕ್ಕಾ, ನೀವೂ ಅಂದು ಅತ್ತಿರ್ತೀರಿ. ಈಗ ನೋಡಿ, ರಾಣಿ ಥರ ಇದ್ದೀರಿ. ಎಲ್ಲರೂ ಮೊದಲ ದಿನ ಅಳ್ತಾರೆ, ಆಮೇಲೆ ಸರಿಹೋಗ್ತಾರೆ. ಅಣ್ಣಾ, ಆ ಚಾವಣಿ ಮಾತ್ರ ಚೆನ್ನಾಗಿ ಉಜ್ಜಿಬಿಡಿ. ನಾಳೆ ಹುಡುಗಿ ಅಪ್ಪ ಇದರಲ್ಲಿ ಕೂರ್ತಾನೆ."

ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವನು ಹೋದ.

ಎಸೆನ್‌ಬೆಕ್ ಹೆಂಡತಿಯ ಮುಖ ನೋಡಿದ. ಇಪ್ಪತ್ತೆರಡು ವರ್ಷ ಜೊತೆಗಿದ್ದೂ ಅವನು ಆ ಮುಖವನ್ನು ಕಂಡಿರಲಿಲ್ಲ.

"ಉಜ್ಜು" ಎಂದಳು ಬುರುಲ್. "ಯಾಕೆ ನಿಂತೆ? ಉಜ್ಜು."

ಮದುವೆಯಾದಂದಿನಿಂದ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಬುರುಲ್..."

"ನಿಮ್ಮ ಚಿಕ್ಕಪ್ಪನ ಕಾರಲ್ಲೂ ನಾನು ಹೀಗೇ ಒದ್ದಿದ್ದೆ. ನೀನು ನನ್ನ ಎರಡೂ ಕೈ ಹಿಡ್ಕೊಂಡಿದ್ದೆ. ನಿನ್ನ ಸ್ನೇಹಿತ ಬಾಯಿ ಮುಚ್ಚಿದ್ದ. ಮಾರನೇ ದಿನ ನಿಮ್ಮ ಚಿಕ್ಕಮ್ಮ ಬಕೆಟ್ ತಗೊಂಡು ಆ ಕಾರು ತೊಳೀತಿದ್ರು, ಹಾಡು ಹೇಳ್ಕೊಂಡು. ನಾನು ಪರದೆ ಸಂದಿಯಿಂದ ನೋಡ್ತಿದ್ದೆ. ಎಲ್ಲಾ ತೊಳೆದುಬಿಟ್ರು. ಮಧ್ಯಾಹ್ನ ನಮ್ಮಪ್ಪ ಬಂದ. ಕಾರು ನೋಡ್ದ, ಏನೂ ಕಾಣಿಸ್ಲಿಲ್ಲ. ನನ್ನ ತಲೆ ಮೇಲೆ ಬಿಳಿ ವಸ್ತ್ರ ನೋಡ್ದ. ಚಹಾ ಕುಡಿದು ಎದ್ದುಹೋದ."

"ನೀನು ಯಾವತ್ತೂ ಹೇಳ್ಲಿಲ್ಲ" ಎಂದ ಅವನು.

"ಹೇಳಿದ್ದೆ. ಕಾರಲ್ಲೇ ಹೇಳಿದ್ದೆ. ಬೇಡ, ಬೇಡ, ಬಿಟ್ಟುಬಿಡಿ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಇನ್ನೆಷ್ಟು ಸಲ ಹೇಳ್ಬೇಕಿತ್ತು?"

ಅವನಿಗೆ ಕೂರಬೇಕೆನಿಸಿತು, ಕೂರಲು ಆ ಕಾರಿನ ಸೀಟು ಬಿಟ್ಟರೆ ಹತ್ತಿರದಲ್ಲಿ ಏನೂ ಇರಲಿಲ್ಲ. ಅವಳು ಅವನ ಜೊತೆ ಬಾಳಿದ್ದಳು, ಮಗನನ್ನು ಹೆತ್ತಿದ್ದಳು, ಬೆನ್ನುನೋವಿನಲ್ಲಿ ಎಣ್ಣೆ ತಿಕ್ಕಿದ್ದಳು, ಬೆಳಿಗ್ಗೆಯಷ್ಟೇ ಬ್ರಷ್ ವಿಷಯಕ್ಕೆ ನಗಿಸಿದ್ದಳು. ಇವೆಲ್ಲವೂ ನಿಜವೇ. ಆ ಕಾರೂ ನಿಜವೇ. ಇಷ್ಟು ವರ್ಷ ಎರಡನೆಯದನ್ನು ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಬುರುಲ್ ತಲೆವಸ್ತ್ರ ಬಿಗಿದುಕೊಂಡಳು. "ನಾನು ಆ ಮನೆಗೆ ಹೋಗ್ತೀನಿ. ಅವಳ ಪಕ್ಕ ಕೂರ್ತೀನಿ. ನಾನಿರೋವರೆಗೆ ಅವಳ ತಲೆಗೆ ಯಾರೂ ಏನೂ ಕಟ್ಟಲ್ಲ. ನೀನು ಏನು ಮಾಡ್ತೀಯೋ ನಿನಗೆ ಬಿಟ್ಟಿದ್ದು."

ಅವಳು ಹೋದ ಮೇಲೆ ಎಸೆನ್‌ಬೆಕ್ ಬಹಳ ಹೊತ್ತು ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದ. ಉಗುರನ್ನು ಕಾಗದದಲ್ಲಿ ಮಡಿಚಿ, ಗುರುತಿನ ಚೀಟಿಯ ಜೊತೆ ಜೇಬಿಗಿಟ್ಟುಕೊಂಡು, ತಿಲೆಕ್‌ನ ಕಾರನ್ನು ನೇರವಾಗಿ ಪೊಲೀಸ್ ಠಾಣೆಗೆ ಓಡಿಸಿದ.

ಅಲ್ಲಿದ್ದ ಅಧಿಕಾರಿ ನಡುವಯಸ್ಸಿನವನು, ಊಟಕ್ಕೆ ಏಳುವುದರಲ್ಲಿದ್ದ. ಎಲ್ಲವನ್ನೂ ಕೇಳಿ ಆಕಳಿಸಿದ.

"ನೀವು ಹುಡುಗಿಗೆ ಏನಾಗ್ಬೇಕು?"

"ಏನೂ ಅಲ್ಲ. ಕಾರು ತೊಳೆಯೋನು."

"ನೋಡಿ ಯಜಮಾನ್ರೇ, ಇಂಥ ಕೇಸು ಬೇಕಾದಷ್ಟು ನೋಡಿದೀನಿ. ನಾವು ಹೋಗೋ ಹೊತ್ತಿಗೆ ಹುಡುಗಿ, ನಾನೇ ಇಷ್ಟಪಟ್ಟು ಬಂದೆ ಅಂತಾಳೆ. ಎರಡೂ ಮನೆಯವರು ಕೂತು ಪಲಾವ್ ತಿಂತಿರ್ತಾರೆ. ಕೆಟ್ಟವರಾಗೋದು ನಾವು."

"ಹಾಗಾದ್ರೆ ಒಂದು ನಿಮಿಷ ಹೊರಗೆ ಬನ್ನಿ."

ಗೊಣಗುತ್ತಲೇ ಅವನು ಎದ್ದು ಬಂದ. ಎಸೆನ್‌ಬೆಕ್ ಹಿಂದಿನ ಬಾಗಿಲು ತೆರೆದು ಹೇಳಿದ: "ಮಲಗಿ."

"ಏನು?"

"ಈ ಸೀಟಿನ ಮೇಲೆ ಅಂಗಾತ ಮಲಗಿ. ಹುಡುಗಿ ಮಲಗಿದ್ದ ಹಾಗೆ."

ಅಧಿಕಾರಿ ಅವನನ್ನು ದುರುಗುಟ್ಟಿ ನೋಡಿದ. ಆದರೂ ಟೋಪಿ ತೆಗೆದು, ಸೊಂಟ ಬಗ್ಗಿಸಿ ಒಳಗೆ ಒರಗಿದ. ಎಸೆನ್‌ಬೆಕ್ ಹೊರಗಿನಿಂದ ಚಾವಣಿಗೆ ಟಾರ್ಚ್ ಬಿಟ್ಟ, ಹಿಮ್ಮಡಿಯ ಒಂದೊಂದು ಗುರುತಿನ ಮೇಲೂ ನಿಧಾನವಾಗಿ ಸರಿಸಿದ. ಅನಂತರ ಬಾಗಿಲಿನ ಗೀರು. ಅನಂತರ ಕಾಗದ ಬಿಡಿಸಿ ಉಗುರು.

ಎದ್ದು ಬಂದಾಗ ಅಧಿಕಾರಿಯ ಮುಖ ಬಿಳುಚಿತ್ತು. "ಇದನ್ನ ಮುಟ್ಟಬೇಡಿ" ಎಂದಷ್ಟೇ ಹೇಳಿ ಜೀಪಿನ ಕೀಲಿಗೆ ಕೂಗಿದ.

ತಿಲೆಕ್‌ನ ಮನೆಯಂಗಳದಲ್ಲಿ ಕುರಿ ಬೇಯುತ್ತಿತ್ತು. ಮುಲ್ಲಾ ಆಗಲೇ ಬಂದು ಕೈಕಾಲು ತೊಳೆಯುತ್ತಿದ್ದರು. ಒಳಕೋಣೆಯಲ್ಲಿ ಏಳೆಂಟು ಹೆಂಗಸರ ನಡುವೆ ಬುರುಲ್ ನೆಲದ ಮೇಲೆ ಕೂತು ಆ ಹುಡುಗಿಯ ಕೈಗಳನ್ನು ಮಡಿಲಲ್ಲಿ ಹಿಡಿದಿದ್ದಳು. ಬಿಳಿ ವಸ್ತ್ರ ಮೂಲೆಯಲ್ಲಿ ಬಿದ್ದಿತ್ತು. ಬುರುಲ್‌ಳ ಕೆನ್ನೆ ಕೆಂಪಗೆ ಊದಿತ್ತು; ಯಾರು ಹೊಡೆದರೆಂದು ಅವಳು ಕೊನೆಗೂ ಹೇಳಲಿಲ್ಲ.

"ಚೋಲ್ಪೊನ್ ಅಂದ್ರೆ ನೀನೇನಾ? ಇಲ್ಲೇ ಇರ್ತೀಯಾ, ಮನೆಗೆ ಹೋಗ್ತೀಯಾ?" ಎಂದು ಅಧಿಕಾರಿ ಬಾಗಿಲ ಹೊರಗಿನಿಂದ ಕೇಳಿದ.

"ಅಮ್ಮನ ಹತ್ರ..." ಎಂದಳು ಹುಡುಗಿ. ಅತ್ತು ಅತ್ತು ಸ್ವರ ಒಡೆದುಹೋಗಿತ್ತು. ಎದ್ದಳು. ಆದರೆ ಒಳಬರುವ ಹೆಂಗಸರಿಗಷ್ಟೇ ಸರಿದು ದಾರಿ ಬಿಡುತ್ತ ಹೊಸ್ತಿಲ ಮೇಲೆ ಮಲಗಿದ್ದ ಮುದುಕಿ ಕಣ್ಣುಬಿಟ್ಟು ಹೇಳಿದಳು: "ದಾಟು ನೋಡ್ತೀನಿ. ನಿನ್ನ ಹೊಟ್ಟೇಲಿ ಒಂದು ಕೂಸೂ ನಿಲ್ಲದಿರಲಿ." ಹುಡುಗಿ ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡಳು. ಅಧಿಕಾರಿಯೂ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಎಸೆನ್‌ಬೆಕ್ ಕಂಡ.

ಬುರುಲ್ ಎದ್ದಳು. ಲಂಗ ಸ್ವಲ್ಪ ಎತ್ತಿ ಹಿಡಿದು, ಮುದುಕಿಯನ್ನು ದಾಟಿ ಆಚೆ ಬಂದು ನಿಂತಳು. ಕೋಣೆಯಲ್ಲಿ ಯಾರೋ "ಅಲ್ಲಾ!" ಎಂದರು.

"ಶಾಪ ಇದ್ರೆ ನನಗೆ ತಟ್ಟಲಿ ಅಜ್ಜಿ. ನನಗೆ ಇನ್ನು ಹೆರೋದೇನೂ ಇಲ್ಲ" ಎಂದು ಅವಳು ಹುಡುಗಿಯತ್ತ ಕೈ ಚಾಚಿದಳು. "ಬಾ ಮಗಳೇ."

ಹುಡುಗಿ ಕಣ್ಣು ಮುಚ್ಚಿಕೊಂಡು ದಾಟಿದಳು.

ಅಂಗಳದಲ್ಲಿ ತಿಲೆಕ್ ಎಸೆನ್‌ಬೆಕ್‌ನ ಕೊರಳಪಟ್ಟಿ ಹಿಡಿದ. "ಕಾರು ತೊಳಿ ಅಂದ್ರೆ ಮನೆ ತೊಳೆದೆಯಲ್ಲೋ! ಈ ಊರಲ್ಲಿ ನಿನಗೆ ಯಾರು ಕಾರು ತರ್ತಾರೆ ನೋಡ್ತೀನಿ." ಎರ್ಮೆಕ್ ಒಲೆಯ ಪಕ್ಕ ಹೊಸ ಕೋಟು ತೊಟ್ಟು ತಲೆ ತಗ್ಗಿಸಿ ನಿಂತಿದ್ದ. ಎಸೆನ್‌ಬೆಕ್ ಕೊರಳು ಬಿಡಿಸಿಕೊಳ್ಳಲು ನೋಡಲಿಲ್ಲ. ಪೊಲೀಸಿನವರೇ ಬಂದು ಬಿಡಿಸಿದರು.

ಸಂಜೆ ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡರು. ಚೋಲ್ಪೊನ್‌ಳ ತಾಯಿ ಬಂದು ಮಗಳನ್ನು ಕರೆದೊಯ್ದಾಗಿತ್ತು. ಕಾರು ಹಿಂಗಡೆಯ ಬೇಲಿಯೊಳಗೆ ನಿಂತಿತ್ತು. ಹೊರಗೆಲ್ಲ ಥಳಥಳ, ಒಳಗೆ ಬೆಳಿಗ್ಗೆ ಇದ್ದಂತೆಯೇ.

"ಒಂದು ಪ್ರಶ್ನೆ" ಎಂದ ಅಧಿಕಾರಿ ಲೇಖನಿ ಎತ್ತಿ. "ವಕೀಲರು ಕೇಳ್ತಾರೆ. ಆ ಗುರುತು ನೋಡಿದ ಕೂಡಲೇ ಇದು ಬಲವಂತ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಎಸೆನ್‌ಬೆಕ್ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ.

"ಇಪ್ಪತ್ತೆರಡು ವರ್ಷದ ಹಿಂದೆ ಇಂಥದೇ ಸೀಟಲ್ಲಿ ಒಬ್ಬ ಹುಡುಗಿಯ ಕೈ ಹಿಡಿದು ಕೂತಿದ್ದೆ. ಬರ್ಕೊಳ್ಳಿ."

ಅಧಿಕಾರಿ ಬರೆಯಲಿಲ್ಲ. "ಅದು ಇಲ್ಲಿ ಬೇಕಾಗಿಲ್ಲ ಯಜಮಾನ್ರೇ."

"ಬೇಕು. ಬರ್ಕೊಳ್ಳಿ."

ಅಧಿಕಾರಿ ಬರೆದು ಮುಗಿಸಿದ ಮೇಲೆ ಎಸೆನ್‌ಬೆಕ್ ಹೊರಗೆ ಬಂದಾಗ ಬುರುಲ್ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲು ತೆರೆದೇ ಇತ್ತು, ಕೇಳಿಸಿರಬೇಕು.

"ಅವರು ಬರ್ಕೊಂಡ್ರಾ?"

"ಬರ್ಕೊಂಡ್ರು."

"ಅಂದಿನ ಆ ಹುಡುಗಿ ಒಪ್ಪಿ ಬಂದಿದ್ಲಾ ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದ್ರಿ?"

"ಇಲ್ಲ ಅಂದೆ."

ಬುರುಲ್ ತಲೆವಸ್ತ್ರದ ಅಂಚಿನಿಂದ ಊದಿದ ಕೆನ್ನೆ ಒತ್ತಿಕೊಂಡು ಬೀದಿ ನೋಡುತ್ತ ಕೂತಳು. ಒಂದು ಬಸ್ಸು ಬಂದು ನಿಂತು ಹೋಯಿತು. ಅವನು ಎರಡು ಮೆಟ್ಟಿಲು ಕೆಳಗೆ, ಅವಳಾಗಿಯೇ ಏಳುವವರೆಗೆ ಕಾಯುತ್ತ ನಿಂತ.