ಶಾಲೆ ಕೈಬಿಟ್ಟ ಅಕ್ಷರಗಳು

ಮತ್ತಿಕೆರೆಯ ಮುನಿಕೆಂಪಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟು ಒತ್ತಿ ಬರುವವಳು. ಆದರೂ ಅರವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ, ಜಪಾನಿನವನೊಬ್ಬ ತನ್ನದೇ ಭಾಷೆಯ ಕಾಗದವನ್ನು ಓದಲಾಗದೆ ಕೈಚೆಲ್ಲಿ ಕೂತಾಗ, ಅದನ್ನು ಅವನಿಂದ ಓದಿಸಿದವಳು ಅವಳೇ. ಇದನ್ನು ಹೇಳಿದರೆ ನಗುವವರಿದ್ದಾರೆ. ನಗಲಿ ಬಿಡಿ, ಅವರೇನು ಆ ಕಾಗದ ನೋಡಿದ್ದಾರೆಯೇ?

ಹಯಾಶಿ ಎಂಬ ಆ ಮೂವತ್ತರ ಹುಡುಗ ಜಾಲಹಳ್ಳಿ ಕಡೆಯ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಕಲಿಸಲು ಬಂದವನು. ಮುನಿಕೆಂಪಮ್ಮನ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಒಂದೂವರೆ ವರ್ಷವಾಗಿತ್ತು. ಅವನು ಕನ್ನಡ ಕಲಿತದ್ದು ಅವಳಿಂದಲೇ, ಹಾಗಾಗಿ ಹಕಾರವೆಂಬುದು ಅವನ ಬಾಯಿಗೆ ಬರಲೇ ಇಲ್ಲ. ಅವಳಿಗಂತೂ ಅವನು ಮೊದಲ ದಿನದಿಂದ ಅಯಾಸಪ್ಪ. ಪಕ್ಕದ ಮನೆಯ ವೆಂಕಟರಾಮಯ್ಯ ಮೇಷ್ಟ್ರು ಮಾತ್ರ, ಜಪಾನಿನವನ ಬಾಯಲ್ಲಿ "ಅಸಿವು ಆಯ್ತದೆ ಅವ್ವ" ಎಂಬುದನ್ನು ಕೇಳಿದಾಗಲೆಲ್ಲ ಹಲ್ಲುನೋವು ಬಂದವರಂತೆ ಮುಖ ಮಾಡುತ್ತಿದ್ದರು.

ಆ ಅಯಾಸಪ್ಪನಿಗೆ ಮೂರು ತಿಂಗಳ ಹಿಂದೆ ಅಪ್ಪ ಸತ್ತ ತಂತಿ ಬಂದಿತ್ತು. ಅದು ಬರುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಅವನು ಒಂದು ದಿನ ಗೋಡೆಗೆ ಮುಖ ಮಾಡಿ ಕೂತಿದ್ದು ಮಾರನೆಯ ದಿನ ಸೈಕಲ್ ಹತ್ತಿ ಕೆಲಸಕ್ಕೆ ಹೋದ. ಈಗ ಊರಿನಿಂದ ಒಂದು ಕಾಗದ ಬಂದಿತ್ತು. ಬಂದಾಗಿನಿಂದ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು.

"ಯಾಕಪ್ಪಾ, ಮೂರು ದಿನದಿಂದ ಇಂಗೆ ಒಣಗ್ತಾ ಇದೀಯ?" ಎಂದು ಭಾನುವಾರ ಬೆಳಿಗ್ಗೆ ಮುನಿಕೆಂಪಮ್ಮ ಬಾಗಿಲಲ್ಲೇ ಕೂತು ಕೇಳಿದಳು.

"ಅಜ್ಜಿ ಕಾಗದ ಬರ್ದವ್ಳೆ ಅವ್ವ. ನಂಗೆ ಓದಕ್ಕೆ ಬರಲ್ಲ."

"ನಿನ್ ಬಾಸೆ ನಿಂಗೇ ಬರಲ್ವಾ?"

ಅವನು ತಡವರಿಸುತ್ತ ಹೇಳಿದ್ದರ ಸಾರಾಂಶ ಇಷ್ಟು. ಹಿಂದೆ ಅವರ ಬರಹದಲ್ಲಿ ಒಂದು ಸದ್ದಿಗೆ ಒಂದೇ ಅಕ್ಷರ ಇರಲಿಲ್ಲ, ನಾಲ್ಕೈದು ಇದ್ದವು. ಬರೆಯುವವರು ತಮ್ಮ ಕೈಗೆ ಒಗ್ಗಿದ್ದನ್ನು, ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸಿಕೊಳ್ಳುತ್ತಿದ್ದರು. ಅರವತ್ತು ವರ್ಷದ ಕೆಳಗೆ ಸರ್ಕಾರ, ಶಾಲೆಯಲ್ಲಿ ಒಂದು ಸದ್ದಿಗೆ ಒಂದೇ ಅಕ್ಷರ ಕಲಿಸಿದರೆ ಸಾಕೆಂದಿತು. ಉಳಿದವು ಅಂಗಡಿಯ ಹಲಗೆಗಳ ಮೇಲೆ, ಹಳಬರ ಕಾಗದಗಳಲ್ಲಿ ಅಲ್ಲಲ್ಲಿ ಉಳಿದವು. ಅಜ್ಜಿ ಅದಕ್ಕೂ ಮುಂಚೆ ತನ್ನ ತಾಯಿಯ ಪಕ್ಕ ಕೂತು ಕುಂಚ ಹಿಡಿದವಳು. ಕಾರ್ಖಾನೆಯಲ್ಲಿದ್ದ ಇನ್ನಿಬ್ಬರು ಜಪಾನಿನವರೂ ಇವನ ವಯಸ್ಸಿನವರೇ. ಅವರಿಗೂ ಆ ಅಕ್ಷರಗಳು ಬರುತ್ತಿರಲಿಲ್ಲ.

"ನಮ್ಮಲ್ಲೂ ಇತ್ತಲ್ಲ. ಱ ಇತ್ತು, ೞ ಇತ್ತು. ಈಗ ಯಾರಿಗೆ ಗೊತ್ತು?" ಎಂದು ಬೇಲಿಯಾಚೆಯಿಂದ ಮೇಷ್ಟ್ರು ಧ್ವನಿ ಸೇರಿಸಿದರು. "ಊರಿಗೇ ವಾಪಸ್ ಕಳಿಸಿ ಯಾರ ಕೈಲಾದ್ರೂ ಓದಿಸಪ್ಪ."

"ಬ್ಯಾಡ ಮೇಷ್ಟ್ರೇ. ಅಪ್ಪ ಸಾಯೋವಾಗ ನಾನು ಓಗ್ಲಿಲ್ಲ. ಅಜ್ಜಿಗೆ ನನ್ ಮ್ಯಾಲೆ ಕ್ವಾಪ ಇರ್ಬೌದು. ಬೈದಿದ್ರೆ ಬೈಸ್ಕೊಂತೀನಿ. ಅದ್ನ ಬ್ಯಾರೆಯವ್ರು ಯಾಕ್ ಓದ್ಬೇಕು?"

ಮುನಿಕೆಂಪಮ್ಮ ಬಾಗಿಲಿನಿಂದ ಒಳಕ್ಕೆ ಸರಿದು ಕೂತಳು. "ಮುಂಚೆ ಅಜ್ಜಿ ಬರೀತಿರ್ಲಿಲ್ವಾ?"

ಬರೆಯುತ್ತಿದ್ದಳು. ಅಪ್ಪನ ಕಾಗದದ ಕೊನೆಯಲ್ಲಿ ನಾಲ್ಕು ಸಾಲು. ಅಜ್ಜಿಯ ಶಾವಿಗೆ ಅಂಗಡಿಯಲ್ಲೇ ಬೆಳೆದ ಅಪ್ಪನಿಗೆ ಆ ಬರಹ ಗೊತ್ತಿತ್ತು. ಮಗನಿಗೆ ತಿಳಿಯಲೆಂದು ಪ್ರತಿ ಅಕ್ಷರದ ಪಕ್ಕ ಶಾಲೆಯ ಅಕ್ಷರವನ್ನು ಪುಟ್ಟದಾಗಿ ಬರೆದು ಕಳಿಸುತ್ತಿದ್ದ. ಅಂಥ ಹದಿನಾಲ್ಕು ಕಾಗದ ಪೆಟ್ಟಿಗೆಯಲ್ಲಿದ್ದವು. ಹಯಾಶಿ ಅವನ್ನು ಎದುರಿಗಿಟ್ಟುಕೊಂಡು ಹೋಲಿಸಿಯೂ ನೋಡಿದ್ದ. ಆದರೆ ಅಜ್ಜಿಯ ಕೈ ಓಡುವ ಕೈ. ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಗೆ ಅಂಟಿಕೊಂಡು, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದೆ ಅವನು ಸೋತಿದ್ದ.

"ಎಲ್ಲಾನೂ ತಂದು ಇಲ್ಲಿ ಆಸು" ಎಂದಳು ಮುನಿಕೆಂಪಮ್ಮ.

"ಕೆಂಪಮ್ಮ, ನಿಂಗೆ ಅ ಆ ಬರಲ್ಲ, ಜಪಾನಿ ಓದ್ತೀಯಾ?" ಎಂದು ಮೇಷ್ಟ್ರು ನಕ್ಕರು.

"ಓದೋದು ಅವ್ನು ಮೇಷ್ಟ್ರೇ. ನಾನು ನೋಡ್ತೀನಿ."

ಈ 'ನೋಡುವುದು' ಏನೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ತೀರಿಹೋದ ಅವಳ ಗಂಡ ಸೊಣ್ಣಪ್ಪ ಶಾಸನದ ಅಧಿಕಾರಿಗಳ ಕೈಕೆಳಗೆ ಕೂಲಿಗಿದ್ದವನು. ಹೊಲದ ನಡುವೆ, ಕೆರೆಯ ಏರಿಯ ಮೇಲೆ ನಿಂತ ಬರಹದ ಕಲ್ಲುಗಳನ್ನು ಹುಡುಕಿ, ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಅಚ್ಚು ತೆಗೆಯುವ ಕೆಲಸ. ಕಲ್ಲು ತೊಳೆಯುವವಳು ಇವಳು. ಹದಿನೆಂಟು ವರ್ಷ ತೊಳೆದಳು. ಸವೆದುಹೋದ ಗೆರೆಯನ್ನು ಬೆರಳಿನಲ್ಲಿ ಸವರಿ, ಉಳಿ ಎಲ್ಲಿ ಇಳಿದಿದೆ, ಎಲ್ಲಿ ತಿರುಗಿದೆ, ಎಲ್ಲಿ ಎದ್ದಿದೆ ಎಂದು ಹೇಳುತ್ತಿದ್ದಳು. ಹುಣಸಮಾರನಹಳ್ಳಿ ಹತ್ತಿರದ ಎರಡು ಕಲ್ಲು ಒಬ್ಬನೇ ಕೊರೆದದ್ದು ಎಂದು ಮೊದಲು ಹೇಳಿದವಳು ಇವಳು. ಅಧಿಕಾರಿಗಳು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದರು. ಇವಳ ಹೆಸರು ಅದರಲ್ಲಿ ಇರಲಿಲ್ಲ, ಇರುತ್ತದೆಂದು ಇವಳು ಕಾದೂ ಇರಲಿಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿ ಹದಿನಾಲ್ಕು ಕಾಗದ ಹರಡಿದರು. ಮುನಿಕೆಂಪಮ್ಮ ಒಂದು ಗಂಟೆ ಒಂದೊಂದನ್ನೇ ನೋಡಿದಳು. ತೋರುಬೆರಳನ್ನು ಕಾಗದಕ್ಕೆ ತಾಗಿಸದೆ, ಗಾಳಿಯಲ್ಲೇ ಕುಂಚದ ಹಿಂದೆ ಓಡಿಸುತ್ತಿದ್ದಳು. ಹಯಾಶಿ ಸದ್ದು ಹುಡುಕಿ ಸೋತಿದ್ದ. ಅವಳಿಗೆ ಸದ್ದಿನ ಹಂಗೇ ಇರಲಿಲ್ಲ, ಅವಳು ಹುಡುಕಿದ್ದು ಕೈಯನ್ನು.

"ಅಬ್ಬಾ, ಏನ್ ಕೈಯಪ್ಪಾ ಈವಮ್ಮಂದು!" ಎಂದಳು ಕೊನೆಗೆ. "ಎಪ್ಪತ್ತು ದಾಟಿರ್ಬೇಕಲ್ವಾ? ಒಂದ್ ಕಡೇನಾದ್ರೂ ನಡುಗಿಲ್ಲ ನೋಡು. ಮಸಿ ಮುಗಿಯಾಗಂಟ ಎಳೀತಾಳೆ, ಆಮ್ಯಾಲೇ ಅದ್ದೋದು. ಮಸಿ ಎಲ್ಲಿ ದಪ್ಪಗಾಯ್ತೋ ಅಲ್ಲಿಂದ ಒಸಾ ಅಕ್ಸರ, ಗುರ್ತು ಇಟ್ಕೋ."

ಅಲ್ಲಿಂದ ದಾರಿ ಸಿಕ್ಕಿತು. ಅವಳು ಒಂದೊಂದು ಆಕಾರವನ್ನೂ ಬಿಡಿಸಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ ಹೆಸರಿಟ್ಟಳು. ಕುಡುಗೋಲು. ಕೂತ ಬೆಕ್ಕು. ಬೆನ್ನು ಬಾಗಿದ ಮುದುಕಿ. ಹಯಾಶಿ ಅಪ್ಪನ ಪುಟ್ಟ ಅಕ್ಷರ ನೋಡಿ ಅದರ ಪಕ್ಕ ಸದ್ದು ಬರೆದ. ಒಂದೇ ಸದ್ದಿಗೆ ಅಜ್ಜಿಯ ಬಳಿ ಮೂರು ಬೇರೆ ಬೇರೆ ಅಕ್ಷರಗಳಿರುವುದು ಕಂಡಾಗ ಅವಳು ಬೆರಗಾದಳು. ಒಬ್ಬಳೇ ಹೆಂಗಸು ಇಷ್ಟೊಂದು ಅಕ್ಷರಗಳನ್ನು ತಲೆಯಲ್ಲಿಟ್ಟುಕೊಂಡು, ದಿನವಿಡೀ ಶಾವಿಗೆಯನ್ನೂ ಬೇಯಿಸಿದಳಲ್ಲ! ಮಧ್ಯಾಹ್ನಕ್ಕೆ ಮೇಷ್ಟ್ರು ಬೇಲಿ ದಾಟಿ ಬಂದು, ಸುಮ್ಮನೆ ಕೂತು, ನೆಲದ ಮೇಲಿನದನ್ನೆಲ್ಲ ಹಾಳೆಗೆ ಇಳಿಸಿಕೊಟ್ಟರು. ನಗು ಬೆಳಿಗ್ಗೆಯೇ ನಿಂತಿತ್ತು.

ಸೋಮವಾರ, ಮಂಗಳವಾರ ಸಂಜೆ ಕಾರ್ಖಾನೆಯಿಂದ ಬಂದ ಕೂಡಲೇ ಅವನು ಚಾಪೆಯ ಮೇಲೆ ಕೂರುತ್ತಿದ್ದ. ಈಗ ಹೊಸ ಕಾಗದ. ಒಂದು ಕಡೆ ಮುನಿಕೆಂಪಮ್ಮನ ಬೆರಳು ತಡೆಯಿತು.

"ಇಲ್ಲಿ ಅಜ್ಜಿ ನಿಂತವ್ಳೆ. ನೋಡು, ಕುಂಚ ಕಾಗದದ ಮ್ಯಾಲೇ ಇಟ್ಕೊಂಡು ಸುಮ್ಕಿದ್ದವ್ಳೆ, ಮಸಿ ಅರಡೈತೆ. ಬರೀಲೋ ಬ್ಯಾಡ್ವೋ ಅಂತ. ಇದ್ನ ನಿದಾನಕ್ಕೆ ಓದ್ಕೋ."

ಹಯಾಶಿ ತುಟಿ ಅಲುಗಿಸುತ್ತ ಓದಿಕೊಂಡ. ಎರಡು ಸಲ ಓದಿದ. ಆಮೇಲೆ ತನಗೆ ಗೊತ್ತಿದ್ದ ಕನ್ನಡದಲ್ಲಿ, ನೆಲ ನೋಡುತ್ತ ಹೇಳಿದ.

"ನಿಮ್ಮಪ್ಪ ಒಂದು ತಿಂಗ್ಳು ಮಲ್ಗಿದ್ದ. ಮಗನ್ನ ಕರಿ ಅಂತ ಎಲ್ಡು ಸಲ ಕೇಳ್ದ. ನಾನು ಕರೀಲಿಲ್ಲ. ಎದ್ ಕೂರ್ತಾನೆ ಅಂದ್ಕೊಂಡೆ. ನಿನ್ ಕೆಲ್ಸ ಕೆಡ್ತದೆ ಅಂದ್ಕೊಂಡೆ. ಕೇಳಿದ್ದು ನಂಗೊಬ್ಳಿಗೇ ಗೊತ್ತು. ಮನೇಲಿ ಯಾರ್ಗೂ ಯೋಳಿಲ್ಲ. ತಪ್ಪು ನಂದು."

ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಇದನ್ನು ತಡೆಯುವುದು ಹೇಗೆಂದು ತಿಳಿಯಲಿಲ್ಲ. ಎದ್ದು ಕೋಣೆಗೆ ಹೋಗಿ ಕದ ಹಾಕಿಕೊಂಡ. ಬುಧವಾರ, ಗುರುವಾರವೂ ಕೆಲಸದಿಂದ ಬಂದವನು ನೇರ ಕೋಣೆ ಸೇರಿದ. ಮುನಿಕೆಂಪಮ್ಮ ಬುದ್ಧಿ ಹೇಳಲು ಹೋಗಲಿಲ್ಲ. ಸಿಟ್ಟು ಬರಬೇಕಾದ ವಿಷಯವೇ ಅದು. ಬರದಿದ್ದರೆ ಅವನೆಂಥ ಮಗ? ಆದರೆ ಮಸಿ ಹರಡಿದ ಆ ಜಾಗ ಅವಳ ಕಣ್ಣಿನಿಂದ ಹೋಗಲಿಲ್ಲ. ಕೇಳಿದ್ದು ತನಗೊಬ್ಬಳಿಗೇ ಗೊತ್ತಿದ್ದರೂ, ಮುಚ್ಚಿಡಬಹುದಾಗಿದ್ದರೂ, ಬರೆದೇಬಿಟ್ಟಳಲ್ಲ ಪುಣ್ಯಾತ್ಗಿತ್ತಿ ಎಂದು ಆ ಕಾಣದ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದಳು.

ಶುಕ್ರವಾರ ಸಂಜೆ ಅವನೇ ಬಂದು ಪಡಸಾಲೆಯಲ್ಲಿ ಕೂತು ಪೆನ್ನು ತೆಗೆದ. ಅರ್ಧ ಪುಟ ಬರೆದಾಗ ಅವಳು ಬಗ್ಗಿ ನೋಡಿದಳು. ಎಲ್ಲ ಬಿಡಿಬಿಡಿ, ನೆಟ್ಟಗಿನ, ಶಾಲೆಯ ಅಕ್ಷರ.

"ಅಜ್ಜಿ ಇದ್ನ ಓದ್ತಾಳಾ?"

"ಓದ್ತಾಳೆ. ಆದ್ರೆ ಕಾಗದ ಮೊದ್ಲು ಒಡಿಯೋರು ಚಿಕ್ಕಪ್ಪನ ಮಕ್ಳು. ಎಲ್ರ ಮುಂದೆ ಜೋರಾಗಿ ಓದ್ತಾರೆ."

"ಅವ್ರಿಗೆ ಅಜ್ಜಿ ಅಕ್ಸರ ಬತ್ತದಾ?"

ಇಲ್ಲ ಎನ್ನಲು ಬಾಯಿ ತೆರೆದವನು ಅಜ್ಜಿಯ ಕಾಗದದತ್ತ ನೋಡಿದ. ಅಜ್ಜಿ ಬೇರೆ ಯಾರ ಕೈಯಲ್ಲೂ ಬರೆಸದೆ ತಾನೇ ಕುಂಚ ಹಿಡಿದದ್ದೇಕೆಂದು ಅವನಿಗೆ ಆಗ ಹೊಳೆಯಿತು. ಬರೆದ ಹಾಳೆಯನ್ನು ಹರಿದು, ಒಳಗಿನಿಂದ ಕುಂಚ, ಮಸಿ ತಂದ.

ಎಂಟು ಸಾಲಿಗೆ ಎರಡು ದಿನ ಹಿಡಿಯಿತು. ಮೇಷ್ಟ್ರ ಹಾಳೆ ಪಕ್ಕದಲ್ಲಿ, ಮುನಿಕೆಂಪಮ್ಮ ಎದುರಿನಲ್ಲಿ. ಕುಡುಗೋಲು ಮೊಂಡಾದರೆ ಮತ್ತೆ ಬರೆಸಿದಳು, ಬೆಕ್ಕು ಎದ್ದು ನಿಂತರೆ ಮತ್ತೆ ಬರೆಸಿದಳು. ಏಳು ಹಾಳೆ ಹಾಳಾದವು. ಎಂಟನೆಯದನ್ನು ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಕ್ಕೆ ಬೆರಳಾಡಿಸಿ, "ಊಂ, ಈಗ ನಿಮ್ಮಜ್ಜಿ ಮೊಮ್ಮಗನ ಕೈ ಅನ್ಬೌದು" ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, "ಏನ್ ಬರ್ದೆ ಅಂತ ಕೇಳ್ಬೌದಾ?" ಎಂದಳು.

ಹಯಾಶಿ ಓದಿ ಹೇಳಿದ.

"ಅಜ್ಜಿ, ನಿನ್ ಕಾಗದ ನಾನೇ ಓದ್ದೆ. ಎಲ್ಡು ದಿನ ನಿನ್ ಮ್ಯಾಲೆ ಕ್ವಾಪ ಇತ್ತು. ಈಗಿಲ್ಲ. ಅಪ್ಪ ನನ್ನ ಕೇಳ್ದ ಅಂತ ಯೋಳಿದ್ಯಲ್ಲ, ನಂಗೆ ಅಷ್ಟು ಸಾಕು. ಇನ್ಮ್ಯಾಕೆ ಕಾಗದ ನೀನೇ ಬರಿ. ಪಕ್ಕದಲ್ಲಿ ಯಾರೂ ಏನೂ ಬರಿಯೋದು ಬ್ಯಾಡ."