ಮಾತ್ರೆಗೊಂದು ಜೊತೆ

ಮಾತ್ರೆ ನುಂಗುವ ವಿಷಯದಲ್ಲಿ ನಮ್ಮ ಮನೆಗೆ ಯಜಮಾನಿ ನನ್ನ ಆರು ವರ್ಷದ ಮಗಳು, ಚೂಟಿ. ಅವಳ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಬೇಕಾದ ಹಾರ್ಮೋನು ತಯಾರಿಸುವುದಿಲ್ಲ. ಅದಕ್ಕೇ ದಿನಕ್ಕೆ ಮೂರು ಹೊತ್ತು ಮಾತ್ರೆ. ಈ ಕಾಯಿಲೆಯನ್ನು ಅವಳಿಗೆ ಕೊಟ್ಟವರು ನಾನು ಮತ್ತು ನನ್ನ ಗಂಡ, ಇಬ್ಬರೂ ಸಮಪಾಲು. ಹಾಗಾಗಿ ಜಗಳವಾಡಲೂ ದಾರಿಯಿಲ್ಲ.

ನಾನು ಮತ್ತೆ ಬಸುರಾದಾಗ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. "ಈ ಮಗುಗೂ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಹೆಣ್ಣಾಗಿದ್ದು ಕಾಯಿಲೆನೂ ಇದ್ರೆ ಜನನಾಂಗದ ಬೆಳವಣಿಗೆ ಏರುಪೇರಾಗುತ್ತೆ. ಅದನ್ನ ತಡೆಯೋಕೆ ನೀವು ಈಗ್ಲೇ ಮಾತ್ರೆ ಶುರು ಮಾಡ್ಬೇಕು. ಆದ್ರೆ ಇದನ್ನ ಎಲ್ಲಾ ಡಾಕ್ಟರೂ ಒಪ್ಪಲ್ಲ, ಮುಂದೆ ಏನು ಪರಿಣಾಮ ಅಂತ ಪೂರ್ತಿ ಗೊತ್ತಿಲ್ಲ. ಹನ್ನೊಂದನೇ ವಾರ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲ ಅಂದ್ರೆ ನಿಧಾನವಾಗಿ ನಿಲ್ಲಿಸೋಣ."

ಶಾಲೆಯ ಸಮವಸ್ತ್ರ ಹೊಲಿಯುವ ನನಗೆ ಅಳತೆ ತೆಗೆಯದೆ ಬಟ್ಟೆ ಕತ್ತರಿಸಿ ಅಭ್ಯಾಸವಿಲ್ಲ. ಈ ಸಲ ಹಾಗೇ ಕತ್ತರಿ ಹಾಕಿದೆ, ಮಾತ್ರೆ ಶುರು ಮಾಡಿದೆ.

ಮಗಳಿಗೋ ಹಿಗ್ಗೋ ಹಿಗ್ಗು. "ನಾಲಿಗೆ ಹಿಂದೆ ಇಡು. ಈಗ ನೀರು. ಮುಖ ಸಿಂಡರಿಸ್ಬಾರ್ದು!" ದಿನಾ ಬೆಳಿಗ್ಗೆ ನನ್ನ ಬಾಯಿ ತೆರೆಸಿ ನೋಡುವಳು. ಅವಳಿಗೂ ಒಂದು ಜೊತೆ ಸಿಕ್ಕಿತ್ತು.

ಪರೀಕ್ಷೆಯ ಫಲಿತಾಂಶ ಫೋನಿನಲ್ಲಿ ಬಂತು. ಮಗುವಿಗೆ ಕಾಯಿಲೆ ಇಲ್ಲ. ಮರ ಕೊಯ್ಯುವ ಗಿರಣಿಯಲ್ಲಿ ದುಡಿಯುವ ನನ್ನ ಗಂಡನಿಗೆ ಮೆಲ್ಲಗೆ ಮಾತಾಡಲು ಬಾರದು. "ಬದುಕಿದ್ವಿ!" ಎಂದು ಸೂರು ಹಾರುವಂತೆ ಕೂಗಿದರು. ನಾನು ಕುಣಿಯುವುದೊಂದು ಬಾಕಿ. ತಿರುಗಿದರೆ ಬಾಗಿಲಲ್ಲಿ ಮಗಳು, ಶಾಲೆಯ ಚೀಲ ಇನ್ನೂ ಬೆನ್ನ ಮೇಲೆ.

"ನಂಗಿದೆ ಅಂತ ಗೊತ್ತಾದಾಗ ಅಪ್ಪ ಏನು ಮಾಡಿದ್ರು?"

ನಮ್ಮ ಸಂಭ್ರಮ ಅವಳಿಗೆ ಹೇಗೆ ಕೇಳಿಸಿತೋ ಎಂದು ಆಗ ಹೊಳೆಯಿತು. ಸುಳ್ಳು ಹೇಳಿದರೆ ಇವಳು ಹಿಡಿದುಬಿಡುತ್ತಾಳೆ.

"ಅತ್ರು," ಎಂದೆ. "ನೀನಾಗ ಹದಿನೈದು ದಿನದ ಕೂಸು. ಹಾಲು ಕುಡೀತಿರ್ಲಿಲ್ಲ, ಕಣ್ಣೂ ಬಿಡ್ತಿರ್ಲಿಲ್ಲ. ನೀನು ಉಳಿಯಲ್ಲ ಅಂದ್ಕೊಂಡಿದ್ವಿ. ಔಷಧಿ ಶುರು ಮಾಡಿ ಮೂರನೇ ದಿನ ಕಿಟಾರಂತ ಕಿರುಚಿದೆ ನೋಡು, ಅವತ್ತು ಅಪ್ಪ ಕೂಗಿದ್ದಕ್ಕೆ ನರ್ಸಮ್ಮ ಬೈದು ವಾರ್ಡಿಂದ ಆಚೆ ಹಾಕಿದ್ರು."

"ಇವತ್ತಿಗಿಂತ ಜೋರಾಗಾ?"

"ಇವತ್ತಿಂದು ಅದರ ಮುಂದೆ ಏನೂ ಅಲ್ಲ ಕಣೇ," ಎಂದರು ಇವರು. ಅಪರೂಪಕ್ಕೆ ದನಿ ತಗ್ಗಿತ್ತು.

ಅವಳು ಚೀಲ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಅಪ್ಪನ ಮುಂದೆ ನಿಂತಳು. "ಹಾಗಾದ್ರೆ ಕೂಗಿ ತೋರ್ಸಿ."

ಕೂಗಿದರು. ಏನು ಅನಾಹುತವಾಯಿತೋ ಎಂದು ಪಕ್ಕದ ಮನೆಯಾಕೆ ಓಡಿಬಂದರು. ಚೂಟಿಯೇ ಹೋಗಿ ಬಾಗಿಲು ತೆಗೆದಳು.

"ಏನಿಲ್ಲ ಆಂಟಿ, ನಾನು ಬದುಕಿದ್ದಕ್ಕೆ."